ಅಕ್ಕಿ ಸಿಕ್ಕರೂ ಅನ್ನ ಸಿಗದವರು: ಕರಾವಳಿಯಲ್ಲಿ ಉಚಿತ ಊಟದ ಲೆಕ್ಕಾಚಾರ

ಊಟ ಹಂಚುವ ಕೆಲಸಕ್ಕೆ ನೆರವು ಕೇಳುತ್ತಾ ಕಾರವಾರದ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋದರೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಸರ್ಕಾರವೇ ಪುಕ್ಕಟೆ ಅಕ್ಕಿ ಕೊಡುತ್ತಿದೆಯಲ್ಲ, ಇನ್ನು ಹಸಿದವರು ಎಲ್ಲಿದ್ದಾರೆ?" ಪ್ರಶ್ನೆ ನ್ಯಾಯವಾದದ್ದೇ. ಕೇಳುವವರು ಜಿಪುಣರಲ್ಲ, ಜಾತ್ರೆಗೆ, ಚೌತಿಗೆ ಮೂಟೆಗಟ್ಟಲೆ ಅಕ್ಕಿ ಕೊಟ್ಟವರೂ ಇದನ್ನೇ ಕೇಳುತ್ತಾರೆ. ಆದರೆ ಇದರ ಉತ್ತರ ಅಂಗಡಿಯ ಕಟ್ಟೆಯ ಮೇಲೆ ನಿಂತು ಎರಡು ಮಾತಿನಲ್ಲಿ ಮುಗಿಸುವಂಥದ್ದಲ್ಲ. ಕಾನೂನು, ಕಾಗದ, ಒಲೆ, ಮಳೆ ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ಹಾಗಾಗಿ ನಿಧಾನವಾಗಿ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಸರ್ಕಾರ ಕೊಡುವುದೆಷ್ಟು ಎಂಬುದನ್ನು ತಿಳಿಯೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ, ಅಂದರೆ ನಾವೆಲ್ಲ ಬಿಪಿಎಲ್ ಕಾರ್ಡು ಎಂದು ಕರೆಯುವ ಚೀಟಿಯ, ಪ್ರತಿ ಸದಸ್ಯರಿಗೂ ತಿಂಗಳಿಗೆ 5 ಕೆ.ಜಿ. ಧಾನ್ಯ ಹಕ್ಕಿನ ಪಾಲು. ಕಡುಬಡವರ ಅಂತ್ಯೋದಯ ಕಾರ್ಡಿಗೆ ತಲೆ ಎಣಿಕೆಯಿಲ್ಲ, ಮನೆಗೆ 35 ಕೆ.ಜಿ. ಮೊದಲು ಅಕ್ಕಿಗೆ ಕೆ.ಜಿ.ಗೆ 3 ರೂಪಾಯಿ ಕೊಡಬೇಕಿತ್ತು. 2023ರ ಜನವರಿಯಿಂದ ಕೇಂದ್ರ ಸರ್ಕಾರ ಅದನ್ನೂ ಬಿಟ್ಟಿತು, ಮರುವರ್ಷದ ಜನವರಿಯಿಂದ ಐದು ವರ್ಷಕ್ಕೆ ಆ ವ್ಯವಸ್ಥೆಯನ್ನು ಮುಂದುವರಿಸಿತು. ರಾಜ್ಯದ ಅನ್ನಭಾಗ್ಯ ಶುರುವಾದದ್ದು 2013ರ ಜುಲೈನಲ್ಲಿ. ಹತ್ತು ವರ್ಷದ ನಂತರ ಇನ್ನೂ 5 ಕೆ.ಜಿ. ಸೇರಿಸಲು ಹೊರಟಾಗ ಸಾಕಷ್ಟು ಅಕ್ಕಿ ಸಿಗಲಿಲ್ಲವೆಂದು ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಲಾಯಿತು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯೇ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ಸಚಿವ ಸಂಪುಟ ತೀರ್ಮಾನಿಸಿತು.

ಇಷ್ಟು ಸಾಕೇ ಎಂಬುದರ ಲೆಕ್ಕ ಸರಳ. 5 ಕೆ.ಜಿ.ಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 167 ಗ್ರಾಂ. ನೂರು ಗ್ರಾಂ ಅಕ್ಕಿಯಿಂದ ಸಿಗುವುದು ಹೆಚ್ಚುಕಡಿಮೆ 350 ಕ್ಯಾಲರಿ. ಅಂದರೆ ದಿನದ ಪಾಲು 600 ಕ್ಯಾಲರಿಯನ್ನೂ ಮುಟ್ಟುವುದಿಲ್ಲ. ಚಿರೇಕಲ್ಲು ಹೊರುವವನಿಗೆ, ಬೈತಖೋಲ ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವವಳಿಗೆ ಬೇಕಾದದ್ದು 2,000ಕ್ಕೂ ಹೆಚ್ಚು. ಹತ್ತು ಕೆ.ಜಿ. ಕೊಟ್ಟರೂ ಅರ್ಧ ಹೊಟ್ಟೆಯ ಮಾತು. ಅದೂ ಬರೀ ಅನ್ನ. ಬೇಳೆ, ಕಾಯಿ, ಮೀನು, ಎಣ್ಣೆ, ಸೌದೆ ಎಲ್ಲವನ್ನೂ ಕೊಳ್ಳಲೇಬೇಕು. ಮೇಲಾಗಿ ನಮ್ಮ ಕರಾವಳಿಯ ಮನೆಗಳಲ್ಲಿ ಉಣ್ಣುವುದು ಕುಚಲಕ್ಕಿ, ಸೊಸೈಟಿಯಲ್ಲಿ ಸಿಗುವುದು ಬಿಳಿ ಅಕ್ಕಿ. ಪಡಿತರದಲ್ಲಿ ಕುಚಲಕ್ಕಿ ಕೊಡಿ ಎಂಬ ಬೇಡಿಕೆ ಇಲ್ಲಿ ಹಳೆಯದು. ಮೈಮುರಿದು ದುಡಿದು ಬಂದವರಿಗೆ ಗಂಜಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಮುಖ್ಯ. ಅದನ್ನು ನಾಲಿಗೆಯ ಚಪಲ ಎಂದು ತಳ್ಳಿಹಾಕುವವರು ಇಡೀ ದಿನ ದೋಣಿಯಲ್ಲಿ ಕಳೆದು ಬಂದವರನ್ನು ಕೇಳಿ ನೋಡಬೇಕು.

ಹಾಗೆಂದು ಪಡಿತರವನ್ನು ಹಗುರವಾಗಿ ಕಾಣುವುದು ತಪ್ಪು. ನಾಡಿನ ಕೋಟ್ಯಂತರ ಮನೆಗಳಲ್ಲಿ ತಿಂಗಳ ಕೊನೆಯ ವಾರವೂ ಒಲೆ ಉರಿಯುತ್ತಿರುವುದು ಅದರಿಂದಲೇ. ಶಾಲೆಯ ಬಿಸಿಯೂಟವೂ ಅಷ್ಟೇ ದೊಡ್ಡದು. ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ಸರ್ಕಾರಿ ಶಾಲೆಗಳಲ್ಲಿ ಕಾಳು ಕೊಟ್ಟು ಕಳಿಸಿದರೆ ಸಾಲದು, ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶಿಸಿತು. ಮರುವರ್ಷವೇ ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಬೇಯಿಸಿದ ಊಟವೇ ಬೇಕೆಂದು ನ್ಯಾಯಾಲಯ ಒತ್ತಿ ಹೇಳಿದ್ದಕ್ಕೆ ಕಾರಣವಿದೆ: ಕಾಳು ಮನೆಗೆ ಹೋಗಿ ಹತ್ತು ಪಾಲಾಗುತ್ತದೆ, ತಟ್ಟೆಗೆ ಬಡಿಸಿದ ಅನ್ನ ಆ ಮಗುವಿನ ಹೊಟ್ಟೆಗೇ ಹೋಗುತ್ತದೆ. ಊಟ ಹಂಚುವ ಯಾವ ತಂಡವೂ ಈ ವ್ಯತ್ಯಾಸವನ್ನು ಮರೆಯಬಾರದು.

ಬಿಟ್ಟುಹೋದವರು ಯಾರು

ಈಗ ಅಂಗಡಿಯವರ ಪ್ರಶ್ನೆಗೆ ಬರೋಣ. ಹಸಿದವರು ಎಲ್ಲಿದ್ದಾರೆ? ಕಾರ್ಡಿನ ಹೊರಗೆ ಇದ್ದಾರೆ, ಕಾರ್ಡಿದ್ದೂ ಯಂತ್ರದ ಹೊರಗೆ ಇದ್ದಾರೆ, ಅಕ್ಕಿಯಿದ್ದೂ ಒಲೆಯ ಹೊರಗೆ ಇದ್ದಾರೆ.

ಕಾನೂನಿನ ಕಥೆಯಲ್ಲೇ ಇದರ ಮೂಲವಿದೆ. 2011ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಆಹಾರ ಭದ್ರತಾ ಮಸೂದೆಯಲ್ಲಿ ನಿರ್ಗತಿಕರಿಗೆ ದಿನಕ್ಕೆ ಒಂದು ಉಚಿತ ಊಟ, ಮನೆಯಿಲ್ಲದವರಿಗೆ ಸಮುದಾಯ ಅಡುಗೆಮನೆಗಳಲ್ಲಿ ಕೈಗೆಟಕುವ ದರದ ಊಟ ಎಂಬ ವಿಧಿಗಳಿದ್ದವು. 2013ರಲ್ಲಿ ಕಾಯ್ದೆಯಾಗಿ ಹೊರಬಂದಾಗ ಆ ವಿಧಿಗಳು ಉಳಿಯಲಿಲ್ಲ. ಗರ್ಭಿಣಿ, ಬಾಣಂತಿ, ಮಕ್ಕಳ ಊಟದ ಹಕ್ಕು ಉಳಿಯಿತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗುವ ಮುದುಕನ ಹಕ್ಕು ಕಳೆದುಹೋಯಿತು. ದೇಶದಾದ್ಯಂತ ಸಮುದಾಯ ಅಡುಗೆಮನೆ ತೆರೆಯಲು ನಿರ್ದೇಶಿಸಬೇಕೆಂದು ಕೋರಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ, ಅದು ಸರ್ಕಾರಗಳು ಯೋಚಿಸಬೇಕಾದ ನೀತಿಯ ವಿಷಯವೆಂದು ನಿರ್ದೇಶನ ನೀಡಲು ಒಪ್ಪಲಿಲ್ಲ. ಹೀಗಾಗಿ ಬೇಯಿಸಿದ ಊಟ ಬೇಕಾದ ವಯಸ್ಕರ ಪಾಲಿಗೆ ಉಳಿದದ್ದು ರಾಜ್ಯಗಳ ಯೋಜನೆಗಳು ಮತ್ತು ಊರವರ ಮನಸ್ಸು. ನಮ್ಮ ರಾಜ್ಯದಲ್ಲಿ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟು, ಆಮೇಲೆ ಬೇರೆ ಊರುಗಳಿಗೂ ಹರಡಿತು. ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಆ ಹತ್ತು ರೂಪಾಯಿಯೂ ಇಲ್ಲದವರು ಇದ್ದಾರೆ ಎಂಬುದನ್ನು ನೆನಪಿಡಬೇಕು.

ಮನೆಯಿಲ್ಲದವರ ವಿಷಯದಲ್ಲಿ ಸಣ್ಣ ಊರುಗಳಿಗೆ ಇನ್ನೊಂದು ತೊಡಕಿದೆ. ನಗರ ಪ್ರದೇಶದ ವಸತಿರಹಿತರಿಗೆ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ಆಶ್ರಯ ಕೇಂದ್ರ ಇರಬೇಕು ಎಂಬುದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಹಾಕಿಕೊಟ್ಟ ಮಾನದಂಡ. ಕಾರವಾರ, ಶಿರಸಿ ಎರಡೂ 2011ರ ಜನಗಣತಿಯಲ್ಲಿ ಒಂದು ಲಕ್ಷ ಮುಟ್ಟದ ಊರುಗಳು. ಮುಂಬೈ, ದಿಲ್ಲಿಯ ಪಾದಚಾರಿ ದಾರಿಗಳಲ್ಲಿ ಸಾಲಾಗಿ ಮಲಗಿದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಇಲ್ಲಿ ಒಬ್ಬರು ಶಿರವಾಡದ ರೈಲು ನಿಲ್ದಾಣದಲ್ಲಿ, ಇಬ್ಬರು ಮೀನು ಮಾರುಕಟ್ಟೆಯ ಮಾಡಿನ ಕೆಳಗೆ, ಇನ್ನೊಬ್ಬರು ಮುಚ್ಚಿದ ಅಂಗಡಿಯ ಜಗಲಿಯಲ್ಲಿ. ಹೀಗೆ ಚದುರಿ ಹೋದವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. 1975ರ ರಾಜ್ಯದ ಕಾಯ್ದೆಯಡಿ ಭಿಕ್ಷಾಟನೆ ನಿಷಿದ್ಧ. ಹಿಡಿದರೆ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಬಹುದು. ಅದಕ್ಕಾಗಿಯೇ ನಮ್ಮ ಮನೆ ತೆರಿಗೆಯ ಮೇಲೆ ಶೇ 3ರ ಉಪಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುತ್ತವೆ. ನಾವೆಲ್ಲರೂ ಆ ಹಣ ಕಟ್ಟುತ್ತಿದ್ದೇವೆ ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. ಹಿಡಿದೊಯ್ಯುತ್ತಾರೆಂಬ ಭಯ ಇರುವವರು ಕೈಯಲ್ಲಿ ಕಡತ ಹಿಡಿದು ಬಂದ ಯಾರನ್ನು ಕಂಡರೂ ದೂರ ಸರಿಯುವುದು ಸಹಜ. ಇಂಥವರ ಬಳಿಗೆ ಮೊದಲು ಹೋಗಬೇಕಾದದ್ದು ಊಟ. ಹೆಸರು, ಊರು ಕೇಳುವುದು ಆಮೇಲಿನ ಮಾತು.

ಕಾರ್ಡಿದ್ದೂ ಅಕ್ಕಿ ಸಿಗದವರ ಕಷ್ಟ ಬೇರೆ ತರಹದ್ದು. ಕಾಳಿ ನದಿಯ ಕೋಡಿಯಲ್ಲಿ, ಅಘನಾಶಿನಿಯ ಹಿನ್ನೀರಿನಲ್ಲಿ ವರ್ಷಗಟ್ಟಲೆ ಬೆಳಚು (ಚಿಪ್ಪುಮೀನು) ಆರಿಸಿದ ಹೆಂಗಸರ ಕೈ ನೋಡಿ. ಚಿಪ್ಪಿನ ಅಂಚು ತಾಗಿ ತಾಗಿ, ಉಪ್ಪುನೀರಿನಲ್ಲಿ ನೆನೆದು ನೆನೆದು ಹೆಬ್ಬೆರಳಿನ ಗೆರೆ ಸವೆದು ನುಣ್ಣಗಾಗಿರುತ್ತದೆ. ಸೊಸೈಟಿಯ ಯಂತ್ರದ ಮೇಲೆ ಆ ಬೆರಳು ಇಟ್ಟರೆ ಕೆಂಪು ದೀಪ. "ಅಮ್ಮಾ, ಕೈ ಒರೆಸಿಕೊಂಡು ಇನ್ನೊಮ್ಮೆ ಒತ್ತಿ" ಎನ್ನುತ್ತಾರೆ. ಸೆರಗಿಗೆ ಒರೆಸಿ ಒತ್ತುತ್ತಾಳೆ, ಮತ್ತೆ ಕೆಂಪು. ಬಲಗೈ ಆಯಿತು, ಎಡಗೈ ಆಯಿತು, ಹಿಂದಿನ ಸಾಲು ಗೊಣಗಲು ಶುರುಮಾಡುತ್ತದೆ. ಆಧಾರ್ ಇಲ್ಲ ಅಥವಾ ಬೆರಳಚ್ಚು ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಅಂಥವರಿಗೆ ಕೊಟ್ಟದ್ದನ್ನು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಈ ಒಂದು ಮಾತು ಗೊತ್ತಿರುವವರು ಸಾಲಿನಲ್ಲಿ ಪಕ್ಕಕ್ಕೆ ನಿಂತಿದ್ದರೆ ಆ ತಾಯಿ ಬರಿಗೈಯಲ್ಲಿ ಮರಳಬೇಕಾಗಿಲ್ಲ.

ದುಡಿಯಲು ಬಂದವರದು ಮೂರನೆಯ ಬಗೆ. ಗದಗ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಇರುವವರು, ಅಡಿಕೆ ಕೊನೆ ಕೊಯ್ಲಿಗೆ ಶಿರಸಿ ಸೀಮೆಗೆ ಬರುವವರು, ದೋಣಿಗಳಲ್ಲಿ ದುಡಿಯಲು ಹೊರರಾಜ್ಯದಿಂದ ಬಂದವರು. ಇವರಲ್ಲಿ ಬಹಳಷ್ಟು ಜನರ ಕಾರ್ಡು ಊರಿನಲ್ಲಿದೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಯಾವ ಊರಿನ ಕಾರ್ಡನ್ನೂ ಇಲ್ಲಿನ ಅಂಗಡಿಯಲ್ಲಿ ಬಳಸಬಹುದು. ಒಂದಷ್ಟು ಪಾಲು ಇಲ್ಲಿ ಪಡೆದು, ಉಳಿದದ್ದನ್ನು ಊರಿನಲ್ಲಿರುವ ಮನೆಯವರು ಪಡೆಯಲೂ ಅವಕಾಶವಿದೆ. ಕೊರೊನಾ ಕಾಲದಲ್ಲಿ ವಲಸೆ ಕಾರ್ಮಿಕರ ಪಾಡು ನೋಡಿದ ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಈ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಗಡುವು ಹಾಕಿತ್ತು. ಕಾನೂನು ಬಂದರೂ ಸುದ್ದಿ ಶೆಡ್ಡಿನವರೆಗೆ ಬಂದಿಲ್ಲ. ಊಟದ ಪೊಟ್ಟಣದ ಜೊತೆ ಈ ಸುದ್ದಿಯನ್ನೂ ಕೊಡುವುದು ಒಂದು ತಿಂಗಳ ಊಟ ಕೊಟ್ಟ ಹಾಗೆಯೇ.

ಆಸ್ಪತ್ರೆಯ ಅಂಗಳದಲ್ಲಿರುವವರನ್ನು ನಾವು ಬಡವರ ಪಟ್ಟಿಗೆ ಸೇರಿಸುವುದೇ ಇಲ್ಲ. ಜೊಯಿಡಾದ ಕಾಡಿನಂಚಿನಿಂದ ರೋಗಿಯನ್ನು ಕರೆತಂದವರು ಬಸ್ಸಿನ ದುಡ್ಡು ಉಳಿಸಲು ಹಸಿದೇ ಕೂರುತ್ತಾರೆ. ದೊಡ್ಡ ಚಿಕಿತ್ಸೆಗಾದರೆ ಮಣಿಪಾಲವೋ ಹುಬ್ಬಳ್ಳಿಯೋ ಗೋವೆಯೋ ಆಗಬೇಕಾದ ಜಿಲ್ಲೆ ನಮ್ಮದು. ದುಡಿಯುವವರು ಅಲ್ಲಿ ಹಾಸಿಗೆ ಪಕ್ಕ ಕುಳಿತರೆ ಇಲ್ಲಿ ಮನೆಯಲ್ಲಿ ಅಕ್ಕಿಯಿದ್ದರೂ ಬೇಯಿಸುವವರಿಲ್ಲ. ಇಂಥ ಮನೆಗಳಿಗೆ ನೆರವು ಬೇಕಾದದ್ದು ಹತ್ತೋ ಇಪ್ಪತ್ತೋ ದಿನ ಮಾತ್ರ, ಆದರೆ ಆ ದಿನಗಳಲ್ಲಿ ತುರ್ತಾಗಿ ಬೇಕು.

ಮಳೆಗಾಲದ ಎರಡು ತಿಂಗಳು

ಕರಾವಳಿಯ ಹಸಿವಿಗೆ ಒಂದು ಕ್ಯಾಲೆಂಡರ್ ಇದೆ. ಹೊರಗಿನಿಂದ ಬಂದ ಯೋಜನೆಗಳು ಅದನ್ನು ಗಮನಿಸುವುದು ಕಡಿಮೆ, ನಾವೂ ಅಷ್ಟಾಗಿ ಗಮನಿಸಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ, ನಿಷೇಧ ಬೇಕೇ ಬೇಕು. ಆದರೆ ಬೈತಖೋಲ, ತದಡಿ, ಭಟ್ಕಳದ ಬಂದರುಗಳಲ್ಲಿ ದೋಣಿ ದಡ ಸೇರಿದ ದಿನವೇ ಐಸ್ ಒಡೆಯುವವರು, ಬುಟ್ಟಿ ಹೊರುವವರು, ಮೀನು ಬಿಡಿಸುವವರು, ಬೈಕಿನ ಮೇಲೆ ಮನೆಮನೆಗೆ ಮೀನು ಮಾರುವವರು ಎಲ್ಲರ ಕೂಲಿಯೂ ನಿಲ್ಲುತ್ತದೆ. ಅದೇ ಹೊತ್ತಿಗೆ ಚಿರೇಕಲ್ಲಿನ ಕ್ವಾರಿಗಳಲ್ಲಿ ನೀರು ನಿಲ್ಲುತ್ತದೆ, ಮನೆ ಕಟ್ಟುವ ಕೆಲಸ ನಿಲ್ಲುತ್ತದೆ, ಗೋಕರ್ಣ, ಮುರುಡೇಶ್ವರದ ಕಡಲತೀರದ ಗೂಡಂಗಡಿಗಳಿಗೆ ಟಾರ್ಪಾಲು ಕಟ್ಟುತ್ತಾರೆ. ಜೂನ್ ಬಂತೆಂದರೆ ಶಾಲೆಯ ಖರ್ಚು ಬೇರೆ. ಸೋರುವ ಮಾಡಿಗೆ ಪ್ಲಾಸ್ಟಿಕ್ ಹಾಳೆ, ಜ್ವರಕ್ಕೆ ಔಷಧ.

ಇನ್ನು ಊಟ ಕೊಡುವವರ ಕಡೆ ನೋಡಿ. ಊರಿನಲ್ಲಿ ಮಿಕ್ಕ ಊಟ ಹೇರಳವಾಗಿ ಸಿಗುವುದು ತುಳಸಿ ಹಬ್ಬ ಕಳೆದ ಮೇಲಿನ ಮದುವೆ ಕಾಲದಲ್ಲಿ, ನವೆಂಬರ್ ಕೊನೆಯಿಂದ ಮೇ ತಿಂಗಳವರೆಗೆ. ಆಷಾಢದಲ್ಲಿ ಮದುವೆಯಿಲ್ಲ, ಉಪನಯನವಿಲ್ಲ, ಜಾತ್ರೆಯಿಲ್ಲ, ಛತ್ರಗಳಿಗೆ ಬೀಗ. ಅಂದರೆ ಕೂಲಿ ನಿಲ್ಲುವ ಹೊತ್ತಿಗೇ ಮಿಗುವ ಅನ್ನವೂ ನಿಲ್ಲುತ್ತದೆ. ಮದುವೆ ಮನೆಯ ಮಿಕ್ಕ ಊಟವನ್ನೇ ನಂಬಿ ತಂಡ ಕಟ್ಟಿದವರು ಮೇ ಕೊನೆಗೆ ಕೈಕಟ್ಟಿ ಕೂರಬೇಕಾಗುವುದು ಇದಕ್ಕೇ. ನನ್ನ ಅಭಿಪ್ರಾಯ ಸ್ಪಷ್ಟ: ಕರಾವಳಿಯಲ್ಲಿ ವರ್ಷಪೂರ್ತಿ ಅಡುಗೆ ಮಾಡುವಷ್ಟು ಹಣವಿಲ್ಲದ ತಂಡ ಏನಾದರೂ ಒಂದನ್ನೇ ಆರಿಸಿಕೊಳ್ಳುವುದಾದರೆ ಜೂನ್, ಜುಲೈ ತಿಂಗಳನ್ನು ಆರಿಸಿಕೊಳ್ಳಬೇಕು. ಹುಟ್ಟುಹಬ್ಬ, ಪುಣ್ಯತಿಥಿಯ ಹೆಸರಿನಲ್ಲಿ ಡಿಸೆಂಬರಿನಲ್ಲಿ ಬರುವ ಹಣವನ್ನು ದಾನಿಗಳ ಒಪ್ಪಿಗೆ ಪಡೆದು ಆಷಾಢಕ್ಕೆ ತೆಗೆದಿಡಬೇಕು. ಸರ್ಕಾರವೂ ಒಂದು ಕಡೆ ಇದೇ ದಾರಿಯಲ್ಲಿ ಯೋಚಿಸಿದೆ: ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿ ಬುಡಕಟ್ಟಿನ ಕುಟುಂಬಗಳಿಗೆ ಮಳೆಗಾಲದ ತಿಂಗಳುಗಳಲ್ಲಿ ಬೇಳೆ, ಮೊಟ್ಟೆ, ಎಣ್ಣೆ, ಬೆಲ್ಲ ಇರುವ ಪೌಷ್ಟಿಕ ಆಹಾರ ಕೊಡುವ ಯೋಜನೆ ಮಾಡಿದ್ದು ಆ ಕಾಲದಲ್ಲಿ ಕೂಲಿ ಸಿಗುವುದಿಲ್ಲ ಎಂಬ ತಿಳಿವಿನಿಂದಲೇ.

ನೆರೆ ಬಂದಾಗಿನ ಊಟ ಇನ್ನೊಂದು ಬಗೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಾಳಿ ತೀರದ ಹಳ್ಳಿಗಳು ಮುಳುಗಿದಾಗ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ, ನೆರವು ನಾಲ್ಕೂ ಕಡೆಯಿಂದ ಹರಿದು ಬಂತು. ಇಂಥ ಹೊತ್ತಿನಲ್ಲಿ ಕಾಳಜಿ ಕೇಂದ್ರಗಳಲ್ಲಿ ಮೊದಲ ದಿನಗಳಲ್ಲಿ ಊಟಕ್ಕೆ ಕೊರತೆಯಾಗುವುದು ಅಪರೂಪ. ಕೊರತೆ ಶುರುವಾಗುವುದು ಕೇಂದ್ರ ಮುಚ್ಚಿ, ಕೆಸರು ತುಂಬಿದ ಮನೆಗೆ ಮರಳಿದ ಮೇಲೆ: ಸಿಲಿಂಡರ್ ಹಾಳು, ಪಾತ್ರೆ ಕೊಚ್ಚಿಹೋಗಿದೆ, ಅಕ್ಕಿ ಮೊಳಕೆಯೊಡೆದಿದೆ. ಕಿಟ್ ಕೊಡುವವರು ಆ ಹತ್ತನೆಯ ದಿನಕ್ಕೆ ಕಾದು ಕೊಟ್ಟರೆ ಅದರ ಬೆಲೆ ಹೆಚ್ಚು.

ಕಿಟ್ಟೋ, ಊಟವೋ

ಯಾರಿಗೆ ಏನು ಕೊಡಬೇಕು ಎಂಬುದು ಒಲೆಯ ಮೇಲೆ ನಿಂತಿದೆ. ಒಲೆ, ಪಾತ್ರೆ, ಬೀಗ ಹಾಕಬಹುದಾದ ಬಾಗಿಲು ಇದ್ದರೆ ದಿನಸಿ ಕಿಟ್. ಈ ಮೂರರಲ್ಲಿ ಒಂದಿಲ್ಲದಿದ್ದರೂ ಬೇಯಿಸಿದ ಊಟ. ಬಸ್ ನಿಲ್ದಾಣದಲ್ಲಿ ಮಲಗುವವರ ಕೈಗೆ ಐದು ಕೆ.ಜಿ. ಅಕ್ಕಿ, ಒಂದು ಕೆ.ಜಿ. ಬೇಳೆ ಕೊಟ್ಟರೆ ಅವರು ಅದನ್ನು ತಲೆಯಡಿಗೆ ಇಟ್ಟುಕೊಂಡು ಹಸಿದು ಮಲಗಬೇಕು, ಇಲ್ಲವೇ ಅರ್ಧ ಬೆಲೆಗೆ ಮಾರಬೇಕು. ಮಾರಿದರೆ ನಾವೇ ಅವರನ್ನು ಬೈಯುತ್ತೇವೆ. ಮನೆಯಿರುವವರಿಗೆ ಕಿಟ್ ಕೊಡುವಾಗಲೂ ಅಕ್ಕಿಯನ್ನು ಕಡಿಮೆ ಮಾಡಿ, ಪಡಿತರದಲ್ಲಿ ಸಿಗದದ್ದನ್ನು, ಸಿಕ್ಕರೂ ಸಾಲದದ್ದನ್ನು ಹೆಚ್ಚಿಸಬೇಕು: ತೊಗರಿ ಬೇಳೆ, ಹೆಸರುಕಾಳು, ಎಣ್ಣೆ, ಒಣಮೆಣಸು, ಹುಣಸೆ, ಬೆಲ್ಲ, ಬೆಂಕಿಪೊಟ್ಟಣ, ಸೋಪು. ಒಣಮೀನು ಉಣ್ಣುವ ಮನೆಗೆ ಮಳೆಗಾಲದಲ್ಲಿ ಒಂದಿಷ್ಟು ಒಣಮೀನು ಹಾಕಿದರೆ ಆ ಮನೆಯ ಊಟದ ರೀತಿಯೇ ಬದಲಾಗುತ್ತದೆ.

ಅಡುಗೆ ಮಾಡಿ ಹಂಚುವವರಿಗೆ ಪ್ರಮಾಣದ ಅಂದಾಜು ಬೇಕಾಗುತ್ತದೆ. ಶಾಲೆಯ ಬಿಸಿಯೂಟದಲ್ಲಿ ಹಿರಿಯ ಪ್ರಾಥಮಿಕ ಮಕ್ಕಳಿಗೆ ತಲಾ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಎಂದು ಗೊತ್ತುಮಾಡಿದ್ದಾರೆ. ನೂರು ಜನರಿಗೆ ಇದು 15 ಕೆ.ಜಿ. ಅಕ್ಕಿ, 3 ಕೆ.ಜಿ. ಬೇಳೆ, ಏಳೂವರೆ ಕೆ.ಜಿ. ತರಕಾರಿ, ಮುಕ್ಕಾಲು ಕೆ.ಜಿ. ಎಣ್ಣೆ ಆಯಿತು. ದುಡಿಯುವ ವಯಸ್ಕರಿಗೆ ಇದಕ್ಕಿಂತ ಕಡಿಮೆ ಮಾಡಬಾರದು. ಹಣ ಸಾಲದಾದಾಗ ಎಲ್ಲರೂ ಮೊದಲು ಕತ್ತರಿಸುವುದು ಬೇಳೆಯನ್ನು. ಸಾರು ತಿಳಿಯಾಗುತ್ತದೆ, ಅನ್ನದ ಗುಡ್ಡೆ ಹಾಗೇ ಇರುತ್ತದೆ. ಅದರ ಬದಲು ಜನರ ಸಂಖ್ಯೆಯನ್ನು ಕಡಿಮೆ ಮಾಡಿ ಬೇಳೆಯನ್ನು ಉಳಿಸಿಕೊಳ್ಳುವುದು ವಾಸಿ ಎಂದು ನಾನು ಹೇಳುತ್ತೇನೆ. ತರಕಾರಿಗೆ ಕಾರವಾರದಲ್ಲಿ ಭಾನುವಾರದ ಸಂತೆಯಿದೆ. ಕತ್ತಲಾಗುವ ಹೊತ್ತಿಗೆ ಮಾರಾಟವಾಗದ ಸೌತೆ, ಕುಂಬಳ, ಮೂಲಂಗಿಯನ್ನು ಮರಳಿ ಹೊತ್ತೊಯ್ಯುವ ಬದಲು ಅಗ್ಗಕ್ಕೆ ಬಿಡುವವರು ಸಿಗುತ್ತಾರೆ. ಬಡಿಸಲು ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಹಾಳೆಯ ತಟ್ಟೆಗಳೇ ಇವೆ. ಸಾರು ನಿಲ್ಲುತ್ತದೆ, ಎಸೆದರೆ ಮಣ್ಣಾಗುತ್ತದೆ.

ಮಿಕ್ಕ ಊಟವನ್ನು ಮುಟ್ಟುವ ಮೊದಲು

ಮದುವೆ ಮನೆಯಿಂದ ಫೋನು ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ಕೊನೆಯ ಪಂಕ್ತಿ ಎದ್ದಿದೆ, ಕೊಪ್ಪರಿಗೆಯಲ್ಲಿ ಇನ್ನೂರು ಜನರ ಅನ್ನ ಉಳಿದಿದೆ, ಬೇಗ ಬನ್ನಿ. ಈ ಹೊತ್ತಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಕೇಳಬೇಕಾದ ಪ್ರಶ್ನೆ: ಅನ್ನ ಬಸಿದದ್ದು ಎಷ್ಟು ಹೊತ್ತಿಗೆ?

ಅನ್ನ ಕೆಡುವ ಬಗೆಯನ್ನು ಅರ್ಥ ಮಾಡಿಕೊಂಡರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ, ತೇವವಾಗಿ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ವಾಂತಿ ತರುವ ಆ ವಿಷ ಎಷ್ಟು ಗಟ್ಟಿಯೆಂದರೆ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಸಿ ನೋಡಿದರೆ ವಾಸನೆ ಸರಿಯಾಗಿಯೇ ಇರಬಹುದು. ಆದ್ದರಿಂದ ಬಿಸಿ ಊಟ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿನದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು. ಮೇ ತಿಂಗಳ ಕಾರವಾರದಲ್ಲಿ, ಬೆವರು ಆರದ ಆ ಸೆಕೆಯಲ್ಲಿ, ಹನ್ನೊಂದಕ್ಕೆ ಬಸಿದ ಅನ್ನವನ್ನು ಸಂಜೆ ಏಳಕ್ಕೆ ಹಂಚುವುದೆಂದರೆ ಜೂಜಾಡುವುದು. ಅದೂ ಇನ್ನೊಬ್ಬರ ಜೀವದ ಮೇಲೆ, ವಾಂತಿಭೇದಿಯಾದರೆ ಶೌಚಾಲಯವೂ ಇಲ್ಲದವರ ಮೇಲೆ.

ಕಾಯಿ ಚಟ್ನಿ, ಕಾಯಿ ಹಾಕಿದ ಹುಳಿ, ಮೊಸರು ಹಾಕಿದ ಹಶಿ, ಹಾಲಿನ ಪಾಯಸ ಇವನ್ನು ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟು ಬರಬೇಕು. ಹುಣಸೆ ಹುಳಿಯ ಪುಳಿಯೋಗರೆ ತುಸು ಹೆಚ್ಚು ತಡೆಯುತ್ತದೆ. ಲಾಡು, ಹೋಳಿಗೆಯಂಥ ಒಣ ಸಿಹಿತಿಂಡಿ, ಬಾಳೆಹಣ್ಣು ನಿಶ್ಚಿಂತೆ. ಎಲೆಗೆ ಬಡಿಸಿ ಉಳಿದದ್ದನ್ನಂತೂ ಯಾವ ಕಾರಣಕ್ಕೂ ತರಬಾರದು. ಸೌಟು ಹಾಕಿದ ಪಾತ್ರೆಯದು ಬೇರೆ, ಎಂಜಲು ಬೇರೆ. ಬೇಯಿಸಿದ ಮೊಟ್ಟೆಯನ್ನು ಸಿಪ್ಪೆ ಸಮೇತ ಕೊಡುವುದು ಎಲ್ಲಕ್ಕಿಂತ ಸುಲಭ: ಪೊಟ್ಟಣ ಬೇಡ, ಧೂಳು ತಾಗುವುದಿಲ್ಲ, ಒಳಗೆ ಒಳ್ಳೆಯ ಪ್ರೋಟೀನು. ಅಂದಂದಿನದನ್ನು ಅಂದೇ ಕೊಟ್ಟರಾಯಿತು.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಆಹಾರ ವ್ಯವಹಾರ ಎಂದರೆ ಲಾಭಕ್ಕಾಗಿ ಮಾಡಿದ್ದೂ ಹೌದು, ಲಾಭವಿಲ್ಲದೆ ಮಾಡಿದ್ದೂ ಹೌದು. ಮಿಕ್ಕ ಆಹಾರವನ್ನು ಸಂಗ್ರಹಿಸಿ ಹಂಚುವುದಕ್ಕೆಂದೇ 2019ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿದೆ. ಹಾಗೆ ಹಂಚುವ ಸಂಸ್ಥೆ ನೋಂದಣಿ ಮಾಡಿಸಿಕೊಂಡಿರಬೇಕು. ಏನನ್ನು, ಎಲ್ಲಿಂದ ತಂದು ಹಂಚಿದೆ ಎಂಬುದಕ್ಕೆ ದಾಖಲೆ ಇಡಬೇಕು. ಸಣ್ಣ ಮಟ್ಟದ ನೋಂದಣಿಗೆ ಹೆಚ್ಚು ಖರ್ಚಿಲ್ಲ. ಕಾಗದ ಕಂಡರೆ ಅಂಜುವ ತಂಡಗಳಿಗೆ ನಾನು ಹೇಳುವುದು, ಇದನ್ನು ನಿಮ್ಮ ರಕ್ಷಣೆಗೆಂದೇ ಮಾಡಿಸಿಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಕೊಟ್ಟವರ ಹೆಸರು, ಬೇಯಿಸಿದ ಹೊತ್ತು, ಹಂಚಿದ ಹೊತ್ತು ಬರೆದಿಟ್ಟರೆ ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟಾಗ ಕಾರಣ ಹುಡುಕಬಹುದು.

ಒಂದೇ ಜಾಗ, ಒಂದೇ ಹೊತ್ತು

ನಮ್ಮ ಜಿಲ್ಲೆಯಲ್ಲಿ ಅನ್ನ ಹಾಕುವ ಸಂಪ್ರದಾಯ ಹೊಸದೇನಲ್ಲ. ಗೋಕರ್ಣದಲ್ಲಿ, ಇಡಗುಂಜಿಯಲ್ಲಿ, ಶಿರಸಿಯ ಮಾರಿಕಾಂಬೆಯ ಸನ್ನಿಧಿಯಲ್ಲಿ ಮಧ್ಯಾಹ್ನದ ಪ್ರಸಾದ ಭೋಜನಕ್ಕೆ ಹೋದವರನ್ನು ಯಾರೂ ಕಾರ್ಡು ಕೇಳುವುದಿಲ್ಲ. ಅಲ್ಲಿ ಬಡವರೂ ಉಳ್ಳವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಯಾರು ಹಸಿದು ಬಂದವರು, ಯಾರು ಹರಕೆಗೆ ಬಂದವರು ಎಂದು ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ. ಆ ಊಟದ ಇನ್ನೊಂದು ಗುಣವೆಂದರೆ ಅದು ನಾಳೆಯೂ ಇರುತ್ತದೆ. ಬೀದಿಯಲ್ಲಿ ಬದುಕುವವರ ದಿನ ಕಳೆಯುವುದೇ ಮುಂದಿನ ಊಟ ಎಲ್ಲಿ ಎಂಬ ಹುಡುಕಾಟದಲ್ಲಿ. ರಾತ್ರಿ ಎಂಟಕ್ಕೆ ಇಂಥ ಕಡೆ ಊಟ ಖಂಡಿತ ಎಂದು ಗೊತ್ತಾದರೆ ಅವರು ಹಗಲು ಕೂಲಿ ಹುಡುಕಬಹುದು, ಆಸ್ಪತ್ರೆಗೆ ಹೋಗಿ ಕಾಲಿನ ಗಾಯಕ್ಕೆ ಪಟ್ಟಿ ಹಾಕಿಸಿಕೊಂಡು ಬರಬಹುದು. ಇವತ್ತು ಬಿರಿಯಾನಿ ಕೊಟ್ಟು ಮುಂದಿನ ಹದಿನೈದು ದಿನ ಕಾಣದೆ ಹೋಗುವ ವಾಹನಕ್ಕಿಂತ ವಾರಕ್ಕೆ ಎರಡೇ ದಿನವಾದರೂ ತಪ್ಪದೆ ಬರುವ ಅನ್ನ ಸಾರು ಹೆಚ್ಚು ಉಪಕಾರಿ.

ದೇವಸ್ಥಾನದ ಊಟ ಮಧ್ಯಾಹ್ನದ್ದು. ರಾತ್ರಿಯ ಊಟಕ್ಕೆ ಊರಿನಲ್ಲಿ ಆಸರೆ ಕಡಿಮೆ. ಭಾನುವಾರ ಶಾಲೆಯಿಲ್ಲ, ಅಂಗನವಾಡಿಯಿಲ್ಲ, ಬೇಸಿಗೆ ರಜೆಯಲ್ಲಿ ಬಿಸಿಯೂಟವಿಲ್ಲ. ಹೊಸದಾಗಿ ಕೆಲಸ ಶುರುಮಾಡುವವರು ಬೇರೆಯವರು ಈಗಾಗಲೇ ಮಾಡುತ್ತಿರುವುದನ್ನು ಮತ್ತೆ ಮಾಡುವ ಬದಲು ಈ ಖಾಲಿ ಹೊತ್ತುಗಳನ್ನು ಹುಡುಕಬೇಕು. ಒಂದೇ ಬಸ್ ನಿಲ್ದಾಣಕ್ಕೆ ಒಂದೇ ಹಬ್ಬದ ದಿನ ಮೂರು ತಂಡ ಬಂದು ಹೋದರೆ ಮೂರನೆಯದು ಕಸದ ತೊಟ್ಟಿಗೆ ಸೇರುತ್ತದೆ. ತಂಡಗಳು ಪರಸ್ಪರ ಫೋನು ಮಾಡಿ ವಾರದ ದಿನಗಳನ್ನು ಹಂಚಿಕೊಳ್ಳಲು ಯಾವ ಸಮಿತಿಯೂ ಬೇಕಾಗಿಲ್ಲ.

ಫೋಟೋ ವಿಷಯದಲ್ಲಿ ನನಗೆ ರಾಜಿಯಿಲ್ಲ. ಕೈಚಾಚಿದವರ ಮುಖವನ್ನು ಮೊಬೈಲಿನಲ್ಲಿ ತೆಗೆದು ಊರಿಗೆಲ್ಲ ಕಳಿಸುವುದು ನಿಲ್ಲಬೇಕು. ಆ ಫೋಟೋವನ್ನು ಕೊಪ್ಪಳದಲ್ಲಿರುವ ಅವರ ಮಗಳು ನೋಡಬಹುದು. ದಾನಿಗಳಿಗೆ ಲೆಕ್ಕ ತೋರಿಸಬೇಕಿದ್ದರೆ ತುಂಬಿದ ಪಾತ್ರೆಯ ಫೋಟೋ ಸಾಕು, ಅಂಗಡಿಯ ರಸೀದಿ ಇನ್ನೂ ಒಳ್ಳೆಯದು. ಸಾಲಿನಲ್ಲಿ ಹೆಂಗಸರು, ಮಕ್ಕಳು ಕಾಣುವುದಿಲ್ಲವೆಂದರೆ ಅವರಿಗೆ ಹಸಿವಿಲ್ಲ ಎಂದಲ್ಲ. ಕತ್ತಲಲ್ಲಿ ಗಂಡಸರ ಗುಂಪಿನೊಳಗೆ ನಿಲ್ಲಲು ಹಿಂಜರಿದಿದ್ದಾರೆ. ಬೆಳಕಿರುವ ಜಾಗ, ಬೇರೆ ಸಾಲು, ಬಡಿಸಲು ತಂಡದಲ್ಲಿ ಹೆಂಗಸರು ಇದ್ದರೆ ಅವರೂ ಬರುತ್ತಾರೆ. ಮಾತಾಡಿಸುವವರಿಗೆ ಕೊಂಕಣಿಯೂ ಹಿಂದಿಯೂ ಬಂದರೆ ಇನ್ನೂ ಅನುಕೂಲ.

ಬಡಿಸಿ ಮುಗಿದ ಮೇಲೆ ಪಾತ್ರೆ ತೊಳೆಯುವವರು ತೊಳೆಯುತ್ತಿರಲಿ, ಒಬ್ಬರು ಮಾತ್ರ ಊಟ ಮಾಡಿದವರ ಪಕ್ಕ ಕೂರಬೇಕು. ಕಾರ್ಡು ಇದೆಯೇ, ಯಾವ ಊರಿನದು, ಇ-ಕೆವೈಸಿ ಆಗಿದೆಯೇ, ಬೆರಳು ತಾಗುತ್ತಿದೆಯೇ, ಪಿಂಚಣಿ ನಿಂತಿದೆಯೇ ಎಂದು ವಿಚಾರಿಸಬೇಕು. ಪಡಿತರದ ದೂರಿಗೆ 1967, ಹಿರಿಯರ ನೆರವಿಗೆ 14567, ಒಂಟಿ ಮಗು ಕಂಡರೆ 1098. ಪಾಲಿನ ಧಾನ್ಯ ಸಿಗದಿದ್ದರೆ ಅದರ ಬದಲು ಭತ್ಯೆ ಕೇಳುವ ಹಕ್ಕು ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ದೂರು ಕೇಳಲು ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇರಬೇಕೆಂದೂ ಕಾಯ್ದೆ ಹೇಳುತ್ತದೆ. ಅರ್ಜಿ ಬರೆಯಲು ಬರುವ ಒಬ್ಬ ನಿವೃತ್ತ ಗುಮಾಸ್ತರೋ, ಶಿಕ್ಷಕರೋ ತಂಡದಲ್ಲಿದ್ದರೆ ಈ ಕೆಲಸ ಅರ್ಧ ಗಂಟೆಯದು. ಸರಿಹೋದ ಪ್ರತಿಯೊಂದು ಕಾರ್ಡಿನಿಂದ ಒಬ್ಬರು ಸಾಲಿನಿಂದ ಹೊರಗೆ ಹೋಗುತ್ತಾರೆ; ಅವರ ಪಾಲಿನ ಊಟವನ್ನು ಯಾವ ಕಾಗದವೂ ಇಲ್ಲದವರಿಗೆ ಬಡಿಸಬಹುದು.